ಹಾಲು ಕುಡಿದು ಮಲಗಿಬಿಡುವ ಪಾಪು, ಬಳಪ ತಿನ್ನುವ ಮಗಳು

ಮಕ್ಕಳ ಥೈರಾಯ್ಡ್, ಸಕ್ಕರೆ, ಎತ್ತರ, ರಕ್ತಹೀನತೆ ಕುರಿತ ಕಾಗದಗಳು ನನ್ನ ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ಈ ಸಲದ ಪುಟಗಳನ್ನು ಅವಕ್ಕೇ ಬಿಟ್ಟುಕೊಟ್ಟಿದ್ದೇನೆ. ಊರಿನ ಹೆಸರು ಉಳಿಸಿಕೊಂಡು ಬರೆದವರ ಹೆಸರು ತೆಗೆದಿದ್ದೇನೆ. ಎರಡು ಕಾಗದಗಳು ಅಚ್ಚಾಗುವ ತನಕ ಕಾಯುವಂಥವಲ್ಲ, ಅವರಿಗೆ ಫೋನಿನಲ್ಲೇ ಹೇಳಿಯಾಗಿದೆ. ಅದೇ ಪ್ರಶ್ನೆ ಇನ್ನೊಂದು ಮನೆಯಲ್ಲೂ ಇದ್ದೀತು ಎಂದು ಇಲ್ಲಿ ಹಾಕಿದ್ದೇನೆ.

ಮೊಮ್ಮಗಳು ಹುಟ್ಟಿ ಹನ್ನೆರಡು ದಿನವಾಯಿತು. ಮೂರನೇ ದಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದಿದ್ದರು. ಈಗ ಕರೆಸಿ, ಮತ್ತೆ ರಕ್ತ ನೋಡಿ, ಥೈರಾಯ್ಡ್ ಕೆಲಸ ಮಾಡುತ್ತಿಲ್ಲ, ದಿನಾ ಮಾತ್ರೆ ಕೊಡಿ ಅಂದರು. ಮಗು ಚೆನ್ನಾಗಿದೆ. ಹಾಲು ಕುಡಿದು ಮಲಗಿದರೆ ನಾವೇ ಎಬ್ಬಿಸಬೇಕು, ಅಳುವುದೇ ಅಪರೂಪ. ಇಷ್ಟು ಎಳೆ ಮಗುವಿಗೆ ಮಾತ್ರೆಯೇ? ಮೂರು ತಿಂಗಳು ತುಂಬಲಿ ಅಂತ ನಮ್ಮನೆಯಲ್ಲಿ ಹೇಳುತ್ತಾರೆ. — ಕೊಪ್ಪದಿಂದ ಒಬ್ಬ ಅಜ್ಜಿ

ಅಮ್ಮಾ, ಕಾಯಬೇಡಿ. ಮಾತ್ರೆ ಇವತ್ತೇ ಶುರುವಾಗಲಿ.

ನೀವು ‘ಚೆನ್ನಾಗಿದೆ’ ಎಂದು ಬರೆದಿರುವ ಆ ನಿದ್ದೆಯೇ ನನಗೆ ಭಯ ಹುಟ್ಟಿಸಿದ್ದು. ಅಳದ ಕೂಸು, ಎಬ್ಬಿಸಿ ಹಾಲೂಡಿಸಬೇಕಾದ ಕೂಸು ಬಾಣಂತಿ ಮನೆಯಲ್ಲಿ ಎಲ್ಲರಿಗೂ ಮುದ್ದು. ಕತ್ತಿನ ಥೈರಾಯ್ಡ್ ಗ್ರಂಥಿ ಸುರಿಸುವ ಹಾರ್ಮೋನು ಕಡಿಮೆ ಇರುವ ಮಗುವೂ ಹೀಗೇ ಇರುತ್ತದೆ. ಹೊಟ್ಟೆಯಲ್ಲಿದ್ದಾಗ ತಾಯಿಯ ಹಾರ್ಮೋನು ಸ್ವಲ್ಪ ಮಗುವಿಗೂ ದಾಟಿ ಬರುವುದರಿಂದ ಹುಟ್ಟಿದಾಗ ನೋಡಲು ಏನೂ ತಿಳಿಯುವುದಿಲ್ಲ. ವಾರಗಳು ಕಳೆದ ಮೇಲೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ: ಇಳಿಯದ ಕಾಮಾಲೆ, ಗಟ್ಟಿ ಕಕ್ಕ, ಉಬ್ಬಿದ ಹೊಕ್ಕಳು, ತಣ್ಣಗಿನ ಒಣ ಚರ್ಮ, ಒಡಕು ದನಿ, ಹೊರಗೆ ಚಾಚಿದ ದಪ್ಪ ನಾಲಿಗೆ. ಇವೆಲ್ಲ ಕಂಡ ಮೇಲೆ ಮಾತ್ರೆ ಕೊಟ್ಟರೆ ಮೈ ಸರಿಹೋಗುತ್ತದೆ, ಮಿದುಳಿಗೆ ಆದ ನಷ್ಟ ಪೂರ್ತಿ ತುಂಬುವುದಿಲ್ಲ. ಮೊದಲ ಮೂರು ವರ್ಷ ಮಿದುಳು ಬೆಳೆಯಲು ಈ ಹಾರ್ಮೋನು ಬೇಕೇ ಬೇಕು. ಎರಡು ವಾರದೊಳಗೆ ಶುರು ಮಾಡಿ, ತಪ್ಪದೆ ಕೊಟ್ಟ ಮಕ್ಕಳು ಎಲ್ಲರಂತೆ ಶಾಲೆಗೆ ಹೋಗುತ್ತಾರೆ, ಪರೀಕ್ಷೆ ಪಾಸಾಗುತ್ತಾರೆ, ಕೆಲವರು ನನ್ನ ಹತ್ತಿರವೇ ಬಂದು ಜಂಬದಿಂದ ಅಂಕಪಟ್ಟಿ ತೋರಿಸುತ್ತಾರೆ.

ಬಾಣಂತಿಯನ್ನು ಯಾರೂ ದೂರಬೇಡಿ. ಅವಳು ಬಸುರಿಯಲ್ಲಿ ತಿಂದದ್ದರಿಂದಲೋ ಬಿಟ್ಟದ್ದರಿಂದಲೋ ಇದು ಬಂದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಆ ಗ್ರಂಥಿ ಸರಿಯಾಗಿ ರೂಪುಗೊಂಡಿರುವುದಿಲ್ಲ, ಇಲ್ಲವೇ ಕತ್ತಿನಲ್ಲಿ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಮಲೆನಾಡಿನಲ್ಲಿ ಗಳಗಂಡ ನೋಡಿ ಬೆಳೆದ ನಿಮಗೆ ಅಯೋಡಿನ್ ನೆನಪಾಗುವುದು ಸಹಜ. ಉಪ್ಪು ಅಯೋಡಿನ್ನಿನದೇ ಇರಲಿ, ಡಬ್ಬಿಗೆ ಮುಚ್ಚಳ ಇರಲಿ. ಆದರೆ ಈ ಮಗುವಿಗೆ ಅದು ಮದ್ದಲ್ಲ.

ಕೊಡುವ ರೀತಿ ಹೇಳುತ್ತೇನೆ, ಎಡವುವುದು ಅಲ್ಲೇ. ಡಾಕ್ಟರು ತೂಕ ನೋಡಿ ಬರೆದಷ್ಟು ಮಾತ್ರೆಯನ್ನು, ಸಾಮಾನ್ಯವಾಗಿ ಕಿಲೋಗೆ 10ರಿಂದ 15 ಮೈಕ್ರೋಗ್ರಾಂ, ಸ್ಟೀಲ್ ಚಮಚದಲ್ಲಿ ಇನ್ನೊಂದು ಚಮಚದ ಬೆನ್ನಿನಿಂದ ನುಣ್ಣಗೆ ಅರೆಯಿರಿ. ಅದಕ್ಕೆ ಕೆಲವೇ ಹನಿ ತಾಯಿಹಾಲು ಸೇರಿಸಿ ಒಳಲೆಯಲ್ಲಿ ಕುಡಿಸಿ. ಚಮಚಕ್ಕೆ ಅಂಟಿದ್ದನ್ನೂ ಇನ್ನೆರಡು ಹನಿ ಹಾಲಿನಲ್ಲಿ ತೊಳೆದು ಕೊಡಿ. ಒಳಲೆ ತುಂಬ ಹಾಲಿಗೆ ಬೆರೆಸಬೇಡಿ, ಮಗು ಅರ್ಧ ಬಿಟ್ಟರೆ ಮದ್ದೂ ಅರ್ಧ ಹೋಯಿತು. ರಾತ್ರಿಯೇ ಅರೆದು ಇಡಬೇಡಿ. ಕಬ್ಬಿಣದ ಹನಿ, ಕ್ಯಾಲ್ಸಿಯಂ ಟಾನಿಕ್ ಇದ್ದರೆ ನಾಲ್ಕು ಗಂಟೆ ಅಂತರ ಬಿಡಿ. ದಿನಾ ಒಂದೇ ಹೊತ್ತು, ಎಣ್ಣೆ-ನೀರಿಗೆ ಮುಂಚೆ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಎರಡು ವಾರ ಬಿಟ್ಟು ರಕ್ತ ಪರೀಕ್ಷೆ, ಆಮೇಲೂ ಮೊದಲ ವರ್ಷ ಪದೇ ಪದೇ. ಮಗು ತೂಕ ಹಾಕಿದಂತೆ ಮಾತ್ರೆಯ ಪ್ರಮಾಣ ಬದಲಾಗುತ್ತದೆ. ಕೆಲವು ಮಕ್ಕಳಿಗೆ ಮೂರು ವರ್ಷ ತುಂಬಿದ ಮೇಲೆ ಡಾಕ್ಟರೇ ನಿಲ್ಲಿಸಿ ನೋಡುತ್ತಾರೆ. ಆ ನಿರ್ಧಾರ ಮನೆಯಲ್ಲಿ ಆಗಬಾರದು.

ಹಿಮ್ಮಡಿಯ ಒಂದು ಹನಿ ರಕ್ತದಿಂದ ಇದನ್ನು ಹಿಡಿಯುವ ಕೆಲಸ ಕೆನಡಾದ ಕ್ವಿಬೆಕ್‌ನಲ್ಲಿ 1970ರ ದಶಕದಲ್ಲಿ ಶುರುವಾಯಿತು. ನಮ್ಮ ಬೆಂಗಳೂರಲ್ಲೇ 1980ರಲ್ಲಿ ನವಜಾತ ಶಿಶುಗಳ ರಕ್ತ ತಪಾಸಣೆಯ ಪ್ರಯೋಗ ನಡೆದಿತ್ತು. ಅದಾಗಿ ಇಷ್ಟು ವರ್ಷವಾದರೂ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ಇದು ನಡೆಯುತ್ತಿಲ್ಲ ಎನ್ನುವುದು ನನ್ನ ಹಳೆಯ ಸಿಟ್ಟು. ನಿಮ್ಮ ಮೊಮ್ಮಗಳು ಅದೃಷ್ಟವಂತೆ. ಆ ಅದೃಷ್ಟವನ್ನು ‘ಮೂರು ತಿಂಗಳು ತುಂಬಲಿ’ ಎಂದು ಕಳೆಯಬೇಡಿ.

ನಮ್ಮ ಸರ್ಕಾರಿ ಶಾಲೆಯ ಆರನೇ ತರಗತಿ ಹುಡುಗನಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನ ಅವನ ತಾಯಿ ಹೊಲದಿಂದ ಬಂದು ಇಂಜೆಕ್ಷನ್ ಕೊಟ್ಟು ಹೋಗುತ್ತಾರೆ. ಒಮ್ಮೊಮ್ಮೆ ಬೆವೆತು, ಏನೇನೋ ಮಾತಾಡುತ್ತಾನೆ. ಬೇರೆ ಪಾಲಕರು ಅಂಟುತ್ತದೆಯೇ ಎಂದು ಕೇಳುತ್ತಾರೆ. ಮುಖ್ಯೋಪಾಧ್ಯಾಯರು ಆಟಕ್ಕೆ ಬಿಡಬೇಡಿ, ಹೆಚ್ಚುಕಡಿಮೆಯಾದರೆ ಜವಾಬ್ದಾರಿ ಯಾರು ಎನ್ನುತ್ತಾರೆ. — ಶಿಕ್ಷಕರು, ರೋಣ ತಾಲ್ಲೂಕು

ಮೇಷ್ಟ್ರೇ, ಅಂಟುವುದಿಲ್ಲ. ಸಿಹಿ ಜಾಸ್ತಿ ತಿಂದು ಬಂದದ್ದೂ ಅಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಬರುವ ಈ ಟೈಪ್ 1 ಮಧುಮೇಹದಲ್ಲಿ ಮೈಯ ರಕ್ಷಣಾ ಪಡೆಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡಿಬಿಡುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಮಗು ಉಳಿಯುವುದಿಲ್ಲ, ಮಾತು ಅಷ್ಟು ನೇರ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಮೊದಲ ಸಲ ಇನ್ಸುಲಿನ್ ಪಡೆದವನೂ ಹದಿನಾಲ್ಕು ವರ್ಷದ ಹುಡುಗನೇ. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳು ಉಳಿಸಿಕೊಳ್ಳುವುದಷ್ಟೇ ವೈದ್ಯರಿಗೆ ಸಾಧ್ಯವಿತ್ತು.

ಬೆವೆತು ಏನೇನೋ ಮಾತಾಡುತ್ತಾನೆ ಎಂದಿರಲ್ಲ, ಆಗ ಅವನ ಸಕ್ಕರೆ ಇಳಿದಿರುತ್ತದೆ. ಇಂಜೆಕ್ಷನ್ ಆಗಿ ಊಟ ತಡವಾದರೆ, ಊಟ ಅರ್ಧ ಬಿಟ್ಟರೆ, ಜೋರಾಗಿ ಆಡಿದರೆ ಹೀಗಾಗುತ್ತದೆ. ಕೈ ನಡುಕ, ಬಿಳಿಚಿದ ಮುಖ, ಕಾರಣವಿಲ್ಲದ ಸಿಟ್ಟು, ಬೋರ್ಡು ನೋಡುತ್ತಾ ಮಂಕಾಗಿ ಕೂರುವುದು — ಇವೂ ಅದೇ. ‘ಏನೋ ಕನಸು ಕಾಣ್ತಿದೀಯಾ’ ಎಂದು ಗದರುವ ಮೊದಲು ನೆನಪಿಸಿಕೊಳ್ಳಿ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ. ಅಲ್ಲೇ ಕೂರಿಸಿ, ಒಬ್ಬನೇ ಮನೆಗೆ ಕಳಿಸಬೇಡಿ, ಮೂತ್ರಕ್ಕೂ ಒಬ್ಬನೇ ಹೋಗುವುದು ಬೇಡ. ಹದಿನೈದು ನಿಮಿಷ ಬಿಟ್ಟು ಅವನ ಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗೇ ಇದ್ದರೆ ಮತ್ತೊಮ್ಮೆ ಅಷ್ಟೇ ಸಕ್ಕರೆ ನೀರು. ಮೇಲೆ ಬಂದ ಬಳಿಕ ಒಂದು ರೊಟ್ಟಿಯೋ ಬಿಸ್ಕತ್ತೋ ತಿನ್ನಲಿ. ಚಾಕೊಲೇಟ್ ಕೊಡಬೇಡಿ, ಅದರ ಕೊಬ್ಬು ಸಕ್ಕರೆ ಬೇಗ ಏರಲು ಬಿಡುವುದಿಲ್ಲ. ಮೀಟರ್ ಹುಡುಕುತ್ತಾ ಹೊತ್ತು ಕಳೆಯಬೇಡಿ, ಅನುಮಾನ ಬಂದರೆ ಮೊದಲು ಸಕ್ಕರೆ.

ಎಚ್ಚರ ತಪ್ಪಿದ್ದರೆ ಅಥವಾ ಫಿಟ್ಸ್ ಬಂದರೆ ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇನ್ನೊಂದು ತುದಿಯೂ ಇದೆ. ಹೊಟ್ಟೆನೋವು, ವಾಂತಿ, ಆಳವಾಗಿ ಬುಸುಗುಡುವ ಉಸಿರು, ಉಸಿರಿನಲ್ಲಿ ಹಣ್ಣು ಕೊಳೆತಂಥ ವಾಸನೆ ಕಂಡರೆ ಸಕ್ಕರೆ ವಿಪರೀತ ಏರಿ ರಕ್ತ ಆಮ್ಲವಾಗುತ್ತಿದೆ ಎಂದು ತಿಳಿಯಿರಿ. ಆಗ ಶಾಲೆಯ ಮದ್ದು ಇಲ್ಲ, ನೇರ ಆಸ್ಪತ್ರೆ. ಊಟ ಬಿಟ್ಟಿದ್ದಾನೆ, ಜ್ವರ ಬಂದಿದೆ ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸಿದ ಮನೆಗಳಿಂದಲೇ ಇಂಥ ಮಕ್ಕಳು ಹೆಚ್ಚಾಗಿ ಬರುತ್ತಾರೆ. ಹಾಗಲಕಾಯಿ ರಸ, ಯಾವುದೋ ಊರಿನ ಕಷಾಯ ನಂಬಿ ನಿಲ್ಲಿಸಿದವರೂ ಉಂಟು. ಹಾಗಲಕಾಯಿ ಪಲ್ಯ ಮಾಡಿ ತಿನ್ನಲಿ, ನನಗೂ ಇಷ್ಟ. ಇನ್ಸುಲಿನ್ ಜಾಗಕ್ಕೆ ಅದು ಬರುವುದಿಲ್ಲ.

ಆಟದ ವಿಷಯ. ಆಡಲೇಬೇಕು. ಪಿ.ಟಿ. ಪೀರಿಯಡ್‌ಗೆ ಮುಂಚೆ ಒಮ್ಮೆ ಸಕ್ಕರೆ ನೋಡಿಕೊಂಡು, ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಇಳಿಯಲಿ. ಸಕ್ಕರೆ ಪೊಟ್ಟಣ ಚಡ್ಡಿ ಜೇಬಿನಲ್ಲೊಂದು, ನಿಮ್ಮ ಮೇಜಿನ ಖಾನೆಯಲ್ಲೊಂದು ಇರಲಿ. ಮೂತ್ರಕ್ಕೆ, ನೀರಿಗೆ ಕೇಳಿದಾಗ ‘ಪೀರಿಯಡ್ ಮುಗೀಲಿ’ ಎನ್ನಬೇಡಿ. ಖೋ ಖೋ ತಂಡದಲ್ಲಿ ಅವನಿಗೆ ಜಾಗ ಇರಲಿ. ಮುಖ್ಯೋಪಾಧ್ಯಾಯರಿಗೆ ಕಾಗದ ಬೇಕಿದ್ದರೆ ಹುಡುಗನ ಡಾಕ್ಟರಿಂದ ಒಂದು ಪುಟ ಬರೆಸಿ: ಯಾವಾಗ ಇಂಜೆಕ್ಷನ್, ಸಕ್ಕರೆ ಎಷ್ಟಾದರೆ ಏನು, ಯಾರ ಫೋನ್ ನಂಬರ್. ಸಿಬಿಎಸ್‌ಇ ಬೋರ್ಡು 2017ರಲ್ಲೇ ಇಂಥ ಮಕ್ಕಳು ಪರೀಕ್ಷಾ ಕೋಣೆಗೆ ತಿನಿಸು ಒಯ್ಯಲು ಅನುಮತಿ ಕೊಟ್ಟಿತು. ಬೋರ್ಡ್ ಪರೀಕ್ಷೆಯಲ್ಲೇ ನಡೆದದ್ದು ನಿಮ್ಮ ಯೂನಿಟ್ ಟೆಸ್ಟಿನಲ್ಲಿ ನಡೆಯದೇ?

ತಾಯಿಗೆ ಒಂದು ಮಾತು ಮುಟ್ಟಿಸಿ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ನಡುವೆ ಚಿಕ್ಕ ಕುಡಿಕೆ ಹುಗಿದು, ನೀರು ತಾಗದಂತೆ ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಅದರಲ್ಲಿಡಬಹುದು. ಮರಳಿಗೆ ದಿನಾ ನೀರು ಚಿಮುಕಿಸಲಿ. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ತಗಡಿನ ಸೂರಿನ ಕೆಳಗೆ ಬಿಟ್ಟ ಇನ್ಸುಲಿನ್ ಸತ್ತುಹೋಗುತ್ತದೆ. ನೋಡಲು ಮೊದಲಿನಂತೆಯೇ ಇದ್ದು ಕೆಲಸ ಮಾಡದೇ ಇರಬಹುದು. ಬಳಸಲು ಶುರು ಮಾಡಿದ ಸೀಸೆಯನ್ನು ನಾಲ್ಕು ವಾರಕ್ಕಿಂತ ಹೆಚ್ಚು ಬಳಸುವುದು ಬೇಡ.

ಮಗನಿಗೆ 22 ತಿಂಗಳು. ನಾವು ಶಾರ್ಜಾದಲ್ಲಿ ಫ್ಲ್ಯಾಟಿನಲ್ಲಿದ್ದೇವೆ. ಕಾಲು ಡೊಂಕು ಕಂಡಿತೆಂದು ಅತ್ತೆ ಊರಿನಿಂದ ವಿಟಮಿನ್ ಡಿ ಪೊಟ್ಟಣ ಕಳಿಸಿದ್ದರು. ವಾರಕ್ಕೊಂದರಂತೆ ಐದು ತಿಂಗಳಿಂದ ಕೊಡುತ್ತಿದ್ದೇನೆ. ಈಗ ಊಟ ಸೇರುತ್ತಿಲ್ಲ, ವಾಂತಿ, ಕಕ್ಕ ಗಟ್ಟಿ, ನೀರು ಮಾತ್ರ ಬಹಳ ಕುಡಿಯುತ್ತಾನೆ. — ಮೂಲ ಉಡುಪಿ

ಪೊಟ್ಟಣ ನಿಲ್ಲಿಸಿ, ಇವತ್ತೇ ಮಗುವನ್ನು ಕರೆದೊಯ್ದು ರಕ್ತದ ಕ್ಯಾಲ್ಸಿಯಂ ನೋಡಿಸಿ. ಖಾಲಿ ಪೊಟ್ಟಣವನ್ನೂ ಒಯ್ಯಿರಿ. (ಇದನ್ನು ಫೋನಿನಲ್ಲಿ ಹೇಳಿದ್ದೇನೆ, ಅವರು ಹೋಗಿದ್ದಾರೆ.)

ಲೆಕ್ಕ ನೋಡಿ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್. ಆ ಪೊಟ್ಟಣದಲ್ಲಿರುವುದು 60,000. ಅಂದರೆ ಒಂದೊಂದು ಪೊಟ್ಟಣವೂ ನೂರು ದಿನದ ಪಾಲು, ಅದನ್ನು ಏಳು ದಿನಕ್ಕೊಮ್ಮೆ ಕೊಟ್ಟಿದ್ದೀರಿ. ಬಿ ಮತ್ತು ಸಿ ಜೀವಸತ್ವ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂತು ತಿಂಗಳುಗಟ್ಟಲೆ ಕ್ಯಾಲ್ಸಿಯಂ ಏರಿಸುತ್ತಾ ಇರುತ್ತದೆ. ಮೂತ್ರಪಿಂಡಕ್ಕೆ ಪೆಟ್ಟು. ನೀವು ಬರೆದ ನಾಲ್ಕೂ ಲಕ್ಷಣ ಅದಕ್ಕೆ ಹೊಂದುತ್ತವೆ.

ಅತ್ತೆಯ ಮೇಲೆ ಕೋಪ ಬೇಡ, ಚೀಟಿಯಿಲ್ಲದೆ ಆ ಪೊಟ್ಟಣ ಕೈಗೆ ಸಿಗುವುದೇ ತಪ್ಪು. ಇನ್ನು ಡೊಂಕು ಕಾಲು: ಎರಡು ವರ್ಷದವರೆಗೆ ಮಕ್ಕಳ ಕಾಲು ಸ್ವಲ್ಪ ಹೊರಕ್ಕೆ ಬಾಗಿರುವುದು ಸಹಜ, ಆಮೇಲೆ ತಾನಾಗಿ ನೆಟ್ಟಗಾಗುತ್ತದೆ. ರಿಕೆಟ್ಸ್ (ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ಕಾಯಿಲೆ) ಆದರೆ ಜೊತೆಗೆ ಮಣಿಕಟ್ಟು ದಪ್ಪಗಾಗುವುದು, ಎದೆಗೂಡಿನ ಮುಂದೆ ಗಂಟು ಗಂಟು, ನಡೆಯುವುದು ತಡ ಮುಂತಾದವು ಇರುತ್ತವೆ. ಒಂದು ಎಕ್ಸ್‌ರೇ, ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್ ನೋಡಿದರೆ ಗೊತ್ತಾಗುತ್ತದೆ. ಅದು ನಿಜವಾಗಿ ಇದ್ದರೂ ಮದ್ದಿಗೆ ಪ್ರಮಾಣ ಇದೆ, ಅವಧಿ ಇದೆ.

ಐದೂವರೆ ವರ್ಷದ ಮಗಳು ಬಳಪ ತಿನ್ನುತ್ತಾಳೆ. ಗೋಡೆ ಕೆರೆದು ಸುಣ್ಣವನ್ನೂ ಬಿಡುವುದಿಲ್ಲ. ಹೊಡೆದದ್ದಾಯಿತು, ಬಳಪಕ್ಕೆ ಬೇವಿನೆಣ್ಣೆ ಹಚ್ಚಿದ್ದಾಯಿತು. ಊಟ ಕೇಳಬೇಡಿ, ಎರಡು ಹೊತ್ತು ಟೀ-ಬನ್ನು, ಮೂರು ಲೋಟ ಹಾಲು. — ಹಿರಿಯೂರು

ಬೇವಿನೆಣ್ಣೆ ಹಚ್ಚಿದ ಬಳಪವನ್ನೂ ತಿಂದಳಲ್ಲವೇ? ನಿಲ್ಲಿಸುವುದು ಅವಳ ಕೈಯಲ್ಲಿಲ್ಲ. ಹೊಡೆಯಬೇಡಿ, ಹಿಮೋಗ್ಲೋಬಿನ್ ನೋಡಿಸಿ. ಕೆಳಗಿನ ರೆಪ್ಪೆ ಎಳೆದು ನೋಡಿದರೆ ನಿಮಗೇ ಬಿಳಿಚಿಕೊಂಡದ್ದು ಕಂಡೀತು. ಕಬ್ಬಿಣ ಕಡಿಮೆಯಾದ ಮಕ್ಕಳಿಗೆ ಮಣ್ಣು, ಬಳಪ, ಬೂದಿ, ಹಸಿ ಅಕ್ಕಿ ತಿನ್ನುವ ಹುಚ್ಚು ಹತ್ತುತ್ತದೆ. ಕಬ್ಬಿಣದ ಸಿರಪ್ ಶುರುವಾಗಿ ಕೆಲವೇ ವಾರಗಳಲ್ಲಿ ಎಷ್ಟೋ ಮಕ್ಕಳು ಬಳಪದ ಡಬ್ಬಿಯತ್ತ ತಿರುಗಿಯೂ ನೋಡುವುದಿಲ್ಲ. ನನ್ನ ವೃತ್ತಿಯಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಖುಷಿ ಕೊಡುವ ಔಷಧಿ ಇನ್ನೊಂದಿಲ್ಲ.

ನಿಮ್ಮ ಮನೆಯೊಂದರದೇ ಕತೆ ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು.

ಸಿರಪ್ಪಿನ ಪ್ರಮಾಣ ಡಾಕ್ಟರು ತೂಕ ನೋಡಿ ಬರೆಯಲಿ. ಊಟಕ್ಕೂ ಟೀಗೂ ಹಾಲಿಗೂ ದೂರವಾಗಿ, ನಿಂಬೆ ಪಾನಕದ ಜೊತೆ ಕೊಡಿ. ನಾಲಿಗೆಯ ಹಿಂಭಾಗಕ್ಕೆ ಹಾಕಿ ಬಾಯಿ ಮುಕ್ಕಳಿಸಿದರೆ ಹಲ್ಲು ಕಪ್ಪಾಗುವುದಿಲ್ಲ. ಕಕ್ಕ ಕಪ್ಪಾಗುತ್ತದೆ, ಗಾಬರಿ ಬೇಡ. ರಕ್ತ ಏರಿತೆಂದು ತಿಂಗಳಿಗೇ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಎರಡು ಮೂರು ತಿಂಗಳು ಕೊಟ್ಟರೆ ಮಾತ್ರ ಒಳಗಿನ ದಾಸ್ತಾನು ತುಂಬುತ್ತದೆ. ಜಂತುಹುಳದ ಮಾತ್ರೆ ಆಗಿದೆಯೇ ಕೇಳಿಕೊಳ್ಳಿ. ಗೋಡೆಯಲ್ಲಿ ಹಳೆಯ ಪೇಂಟ್ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಸೀಸದ ವಿಷ ನೋಡಬೇಕಾದೀತು.

ಟೀ ಇವತ್ತಿನಿಂದ ಬಂದ್. ಅದು ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹಾಲು ಮೂರು ಲೋಟದಿಂದ ಒಂದೂವರೆಗೆ ಇಳಿಸಿ, ಹಸಿವು ತಾನಾಗಿ ಬರುತ್ತದೆ. ಮುದ್ದೆಯ ಜೊತೆ ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ, ಮೇಲೆ ನಿಂಬೆಹಣ್ಣು ಹಿಂಡಿ. ತಿನ್ನುವವರಾದರೆ ವಾರಕ್ಕೊಮ್ಮೆ ಕುರಿಯ ಲಿವರ್ ಬಹಳ ಒಳ್ಳೆಯದು. ಬೆಲ್ಲದಿಂದ ರಕ್ತ ಆಗುತ್ತದೆ ಎನ್ನುತ್ತಾರಲ್ಲ, ರಕ್ತಹೀನತೆ ಗುಣವಾಗುವಷ್ಟು ಕಬ್ಬಿಣ ಅದರಲ್ಲಿಲ್ಲ.

ಮಗಳಿಗೆ ಏಳು ವರ್ಷ ನಾಲ್ಕು ತಿಂಗಳು. ಒಂದು ಬದಿ ಎದೆಯಲ್ಲಿ ಗಂಟು, ಮುಟ್ಟಿದರೆ ನೋವು ಅನ್ನುತ್ತಾಳೆ. ಪಕ್ಕದ ಮನೆಯವರು ಫಾರಂ ಕೋಳಿಯಿಂದ, ಪ್ಯಾಕೆಟ್ ಹಾಲಿನಿಂದ ಅಂತಾರೆ. ರಾತ್ರಿ ನಿದ್ದೆ ಇಲ್ಲ. — ಮೈಸೂರು

ನಿದ್ದೆ ಮಾಡಿ, ಆದರೆ ಈ ವಾರ ಡಾಕ್ಟರ ಹತ್ತಿರ ಹೋಗಿ. ಎದೆ ಮೂಡುವಾಗ ಮೊದಲು ಒಂದೇ ಬದಿ ಗುಂಡಿಯಂತೆ ಸಿಗುವುದು, ನೋಯುವುದು ಮಾಮೂಲು. ಹಿಸುಕಬೇಡಿ, ಶಾಖ ಕೊಡಬೇಡಿ. ಹುಡುಗಿಯರಲ್ಲಿ ಎಂಟು ತುಂಬುವ ಮೊದಲು, ಹುಡುಗರಲ್ಲಿ ಒಂಬತ್ತಕ್ಕೆ ಮೊದಲು ಈ ಬದಲಾವಣೆ ಕಂಡರೆ ನೋಡಿಸಬೇಕು ಎನ್ನುವುದು ನಮ್ಮ ನಿಯಮ.

ಡಾಕ್ಟರು ಮೊದಲು ಕೇಳುವುದು ಎತ್ತರದ ಲೆಕ್ಕ. ಶಾಲೆಯ ಆರೋಗ್ಯ ಕಾರ್ಡಿನಲ್ಲಿ ಕಳೆದ ವರ್ಷದ ಅಳತೆ ಇದ್ದರೆ ಒಯ್ಯಿರಿ. ಆಮೇಲೆ ಎಡಗೈಯ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಎದೆ ಮಾತ್ರ ಮೂಡಿ, ಎತ್ತರ ತನ್ನ ಗತಿಯಲ್ಲೇ ಇದ್ದು, ಮೂಳೆ ವಯಸ್ಸಿಗೆ ತಕ್ಕಂತಿದ್ದರೆ ಆರು ತಿಂಗಳು ಸುಮ್ಮನೆ ಗಮನಿಸುತ್ತಾರೆ, ಬಹಳ ಮಕ್ಕಳ ತಪಾಸಣೆ ಇಲ್ಲೇ ಮುಗಿಯುತ್ತದೆ. ಮೂಳೆ ಎರಡು ವರ್ಷ ಮುಂದೆ ಓಡಿದ್ದರೆ ರಕ್ತದ ಹಾರ್ಮೋನು, ಸ್ಕ್ಯಾನು. ಈಗ ಉದ್ದವಾಗಿ ಕಂಡ ಹುಡುಗಿಯ ಮೂಳೆ ಬೇಗ ಮುಚ್ಚಿಕೊಂಡು ಕೊನೆಗೆ ಕುಳ್ಳಾಗಿ ಉಳಿಯುವ ಸಂಭವ ಇರುತ್ತದೆ. ಮೂರನೇ ತರಗತಿಯಲ್ಲಿ ಮುಟ್ಟಾದರೆ ಆ ಮಗು ಹೇಗೆ ನಿಭಾಯಿಸೀತು ಎನ್ನುವುದೂ ಒಂದು. ಅಂಥವರಿಗೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ಇದೆ. ಅದು ಪ್ರೌಢತೆಯನ್ನು ತಡೆದು ನಿಲ್ಲಿಸುತ್ತದೆ, ಇಂಜೆಕ್ಷನ್ ಬಿಟ್ಟ ಮೇಲೆ ಎಲ್ಲ ಮತ್ತೆ ಮುಂದುವರಿಯುತ್ತದೆ.

ಕೋಳಿ, ಹಾಲನ್ನು ಬಿಟ್ಟುಬಿಡಿ. ಅಂದರೆ, ದೂರುವುದನ್ನು ಬಿಡಿ, ತಿನ್ನುವುದನ್ನಲ್ಲ. ಫಾರಂ ಕೋಳಿ ಬೇಗ ದಪ್ಪವಾಗುವುದು ತಳಿಯಿಂದ, ಮೇವಿನಿಂದ. ಆದರೆ ಹುಡುಗಿಯರಲ್ಲಿ ಬೇಗ ಪ್ರೌಢತೆಗೂ ಹೆಚ್ಚಿನ ತೂಕಕ್ಕೂ ನಂಟಿದೆ. ಮತ್ತೆ, ಈ ಚರ್ಚೆಯನ್ನು ಅವಳ ಮುಂದೆ ಪಕ್ಕದ ಮನೆಯವರ ಜೊತೆ ಮಾಡಬೇಡಿ. ಹತ್ತಿಯ ಶಿಮ್ಮಿ ಕೊಡಿಸಿ, ‘ಎಲ್ಲರಿಗೂ ಆಗುತ್ತೆ, ನಿನಗೆ ಸ್ವಲ್ಪ ಮುಂಚೆ’ ಎಂದರೆ ಆ ವಯಸ್ಸಿಗೆ ಸಾಕು.

ಹನ್ನೊಂದರ ಮಗನ ಕುತ್ತಿಗೆ ಹಿಂದೆ ಕಪ್ಪು ಪಟ್ಟಿ. ಕಡ್ಲೆಹಿಟ್ಟು, ನಿಂಬೆ ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. — ಬೆಂಗಳೂರು

ಉಜ್ಜುವುದು ನಿಲ್ಲಿಸಿ, ಚರ್ಮ ಕಿತ್ತೀತು. ಅದು ಕೊಳೆಯಲ್ಲ. ದಪ್ಪಗಿರುವ ಮಗುವಿನ ಕುತ್ತಿಗೆ, ಕಂಕುಳಲ್ಲಿ ಮಖಮಲ್ಲಿನಂತೆ ಕಪ್ಪಾಗುವುದು ಮೈಯಲ್ಲಿ ಇನ್ಸುಲಿನ್ ಜಾಸ್ತಿಯಾಗಿ ಕೆಲಸ ಕಡಿಮೆ ಮಾಡುತ್ತಿರುವ ಗುರುತು. ಸಕ್ಕರೆ, ಲಿವರ್, ಕೊಬ್ಬು, ಬಿ.ಪಿ. ನೋಡಿಸಿ. ಸ್ಕ್ರಬ್ಬಿನ ದುಡ್ಡಿಗೆ ಒಂದು ಸೈಕಲ್ ಬಾಡಿಗೆಗೆ ತನ್ನಿ. ತೂಕ ಇಳಿದರೆ ಕಪ್ಪೂ ನಿಧಾನವಾಗಿ ಇಳಿಯುತ್ತದೆ.

ಮಗನಿಗೆ 13 ವರ್ಷ, 142 ಸೆಂ.ಮೀ. ಕ್ಲಾಸಿನಲ್ಲಿ ಎಲ್ಲರಿಗಿಂತ ಕುಳ್ಳ. ನಾನು 163, ನನ್ನ ಹೆಂಡತಿ 150. ಟಿ.ವಿ.ಯಲ್ಲಿ ತೋರಿಸುವ ಪುಡಿ ಎರಡು ವರ್ಷದಿಂದ ಕೊಡುತ್ತಿದ್ದೇವೆ, ಬಾರಿಗೆ ಜೋತು ಬೀಳುತ್ತಾನೆ. — ರಾಣೆಬೆನ್ನೂರು

ಅಪ್ಪ ಅಮ್ಮನ ಎತ್ತರ ಕೂಡಿಸಿ, ಗಂಡುಮಗುವಾದರೆ 13 ಸೇರಿಸಿ, ಎರಡರಿಂದ ಭಾಗಿಸಿ. ಹೆಣ್ಣಾದರೆ 13 ಕಳೆಯಬೇಕು. ನಿಮ್ಮ ಮಗನಿಗೆ 163 ಬರುತ್ತದೆ, ಅದರ ಆಚೀಚೆ ಕೆಲವು ಸೆಂ.ಮೀ. ನಿರೀಕ್ಷಿಸಬಹುದು. ಕ್ರಿಕೆಟ್ ತಂಡದ ವೇಗದ ಬೌಲರನ ಎತ್ತರ ನಿಮ್ಮ ಮನೆಯಲ್ಲಿ ಬರುವುದು ಕಷ್ಟ, ಬೇಸರ ಮಾಡಿಕೊಳ್ಳಬೇಡಿ.

142 ಎನ್ನುವ ಒಂದು ಅಂಕಿಯಿಂದ ನಾನೇನೂ ಹೇಳಲಾರೆ. ವರ್ಷಕ್ಕೆ ಎಷ್ಟು ಬೆಳೆದ ಎನ್ನುವುದು ಬೇಕು. ಚಪ್ಪಲಿ ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಮಟ್ಟಸವಾಗಿಟ್ಟು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ತಾರೀಖು ಬರೆಯಿರಿ. ಆರು ತಿಂಗಳಿಗೆ ಇನ್ನೊಂದು ಗೆರೆ. ಎರಡರ ನಡುವೆ ಎರಡು ಸೆಂ.ಮೀ.ಗಿಂತ ಕಡಿಮೆ ಇದ್ದರೆ, ಅಥವಾ ಮೊದಲೇ ತಲೆನೋವು, ಹಸಿವಿಲ್ಲದಿರುವುದು, ಪದೇ ಪದೇ ಭೇದಿ ಇದ್ದರೆ ಥೈರಾಯ್ಡ್, ಸೀಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ), ಬೆಳವಣಿಗೆಯ ಹಾರ್ಮೋನು ಎಲ್ಲವನ್ನೂ ನೋಡಬೇಕು. ಅವನ ದನಿ ಇನ್ನೂ ಒಡೆದಿಲ್ಲವಾದರೆ ಜಿಗಿತ ಬಾಕಿ ಇದೆ ಎಂದರ್ಥ, ನಿಮಗೂ ಹೈಸ್ಕೂಲು ಮುಗಿಯುವಾಗಲೇ ಎತ್ತರ ಬಂದಿದ್ದರೆ ಮಗನದೂ ಅದೇ ದಾರಿ. ಹದಿನಾಲ್ಕು ತುಂಬಿದರೂ ಪ್ರೌಢತೆಯ ಯಾವ ಗುರುತೂ ಇಲ್ಲದಿದ್ದರೆ ಆಗ ಬನ್ನಿ.

ಪುಡಿ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ, ಸಕ್ಕರೆ ಎಷ್ಟಿದೆ ಅಂತ. ಆ ದುಡ್ಡಿಗೆ ತಿಂಗಳಿಗೆ ಎಷ್ಟು ಮೊಟ್ಟೆ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಬಾರಿಗೆ ಜೋತು ಬೀಳುವುದರಿಂದ ಎತ್ತರ ಬರುವುದಿಲ್ಲ, ತೋಳು ಗಟ್ಟಿಯಾಗುತ್ತದೆ, ಅವನಿಗೆ ಇಷ್ಟವಿದ್ದರೆ ಮಾಡಲಿ.